ಗರ್ಭಿಣಿಯ ರಕ್ಷಣೆಯ ಹೊರೆ ಯಾರ ಹೆಗಲಿಗೆ?

ಪುಣೆಯಲ್ಲಿ ನೆಲೆಸಿದ ನನ್ನಂಥ ಕನ್ನಡಿಗರಿಗೆ ಕೋವಿಡ್ ಲಸಿಕೆ ಕೋವಿಶೀಲ್ಡ್ ನಮ್ಮ ಹಡಪ್ಸರದಲ್ಲೇ ತಯಾರಾಗುತ್ತದೆ ಎಂಬುದು 2021ರಲ್ಲಿ ಹೆಮ್ಮೆಯ ಸಂಗತಿಯಾಗಿತ್ತು. ಆದರೆ ಜನವರಿ 16ರಂದು ಲಸಿಕೆ ಅಭಿಯಾನ ಆರಂಭವಾದಾಗ ಗರ್ಭಿಣಿಯರನ್ನು ಹೊರಗಿಡಲಾಯಿತು. ಕೇಂದ್ರ ಆರೋಗ್ಯ ಸಚಿವಾಲಯ ಅವರಿಗೆ ಅನುಮತಿ ಕೊಡುವಾಗ ಜುಲೈ 2 ಆಗಿತ್ತು, ಎರಡನೆಯ ಅಲೆಯ ಅನಾಹುತವೂ ಮುಗಿದಿತ್ತು. ನಮ್ಮ ಕಟ್ಟಡದಲ್ಲಿದ್ದ ಧಾರವಾಡದ ತುಂಬು ಗರ್ಭಿಣಿಯೊಬ್ಬರು ಆ ಜೂನ್‌ನಲ್ಲಿ ಆಧಾರ್ ಕಾರ್ಡ್ ಹಿಡಿದು ಸರದಿಯಲ್ಲಿ ನಿಂತಿದ್ದರು. ನರ್ಸ್ ಅವರ ಹೊಟ್ಟೆ ನೋಡಿ, ಹೆರಿಗೆಯಾದ ಮೇಲೆ ಬನ್ನಿ ಎಂದರು. ನರ್ಸ್‌ದು ತಪ್ಪಲ್ಲ. ಆರಂಭದ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಳ್ಳದಿದ್ದ ಕಾರಣ ಮಾಹಿತಿಯೇ ಇರಲಿಲ್ಲ, ಮಾಹಿತಿ ಇಲ್ಲವೆಂಬ ಕಾರಣಕ್ಕೇ ಲಸಿಕೆ ಸಿಗಲಿಲ್ಲ.

ಇದಕ್ಕೆ ಎದುರಾಗಿ ನನಗೆ ನೆನಪಾಗುವುದು ಬೆಳಗಾವಿ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಜಿಲ್ಲೆಯ ಹಳ್ಳಿಗಳಲ್ಲಿ 1,620 ಮಹಿಳೆಯರ ಒಪ್ಪಿಗೆ ಪಡೆದು, ಹೆರಿಗೆಯ ಬೆನ್ನಲ್ಲೇ ಕಿರಿಯ ಆರೋಗ್ಯ ಸಹಾಯಕಿಯರ ಕೈಯಿಂದ ಅರ್ಧದಷ್ಟು ಜನರಿಗೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನೂ ಉಳಿದವರಿಗೆ ಹೋಲಿಕೆಗಾಗಿ ಔಷಧವಿಲ್ಲದ ಮಾತ್ರೆಯನ್ನೂ ಕೊಡಿಸಿ ನೋಡಿತು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅತಿಯಾದ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದಿತ್ತು. ಅರ್ಧದಷ್ಟು ಮಹಿಳೆಯರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಗು ಹುಟ್ಟಿದ ಮೇಲೆ ಕೊಡುವ ಔಷಧಕ್ಕೂ ಗರ್ಭದಲ್ಲಿರುವಾಗ ಕೊಡುವ ಲಸಿಕೆಗೂ ಅಪಾಯದ ಲೆಕ್ಕ ಬೇರೆ ಎಂಬುದೂ ನಿಜ. ಆದರೂ ಹಳ್ಳಿಯ ಹೆಂಗಸನ್ನು ಕೇಳಿ, ವಿವರಿಸಿ, ಅವಳ ನಿರ್ಧಾರಕ್ಕೆ ಬಿಡಲು ಸಾಧ್ಯವೆಂದು ಅಲ್ಲಿ ತೋರಿಸಿಕೊಟ್ಟರು. ತಮ್ಮ ಆರೋಗ್ಯಕ್ಕೆ ಸಂಬಂಧಿಸಿದ ಸಂಶೋಧನೆಯಲ್ಲಿ ಭಾಗವಹಿಸುವ ಹಕ್ಕು ಗರ್ಭಿಣಿಯರಿಗಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಹೇಳುತ್ತದೆ.

ರಕ್ಷಣೆಯ ಹೆಸರಿನಲ್ಲಿ ಹೆಂಗಸನ್ನೇ ಹೊರಗಿಡುವ ಇದೇ ಮನೋಭಾವ ನೌಕರಿಯ ವಿಷಯದಲ್ಲೂ ಕಾಣುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನ ಸಹಿತ ರಜೆ ದೊರೆಯಿತು. ಒಳ್ಳೆಯದೇ. ಆದರೆ ಇಎಸ್‌ಐ ಎಂಬ ನೌಕರರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಯ ಹೊರಗಿರುವವರಿಗೆ ಆ ವೇತನವನ್ನು ಪೂರ್ತಿಯಾಗಿ ಮಾಲೀಕನೇ ಕೊಡಬೇಕಾದ್ದರಿಂದ, ಸಣ್ಣ ಕಚೇರಿಗಳ ಸಂದರ್ಶನದಲ್ಲಿ ಮದುವೆ ಯಾವಾಗ, ಮಕ್ಕಳೆಷ್ಟು ಎಂಬ ಪ್ರಶ್ನೆಗಳು ಹುಡುಗಿಯರಿಗೆ ಮಾತ್ರ ಎದುರಾಗುತ್ತವೆ. ರಜೆ ಕೊಡುವುದಕ್ಕಿಂತ ಕೆಲಸಕ್ಕೇ ತೆಗೆದುಕೊಳ್ಳದಿರುವುದು ಅವರಿಗೆ ಅಗ್ಗ. ಇಎಸ್‌ಐಯಲ್ಲಿ ಮಾಲೀಕರು ಶೇ. 3.25, ನೌಕರರು ಶೇ. 0.75 ಹಾಕುವ ನಿಧಿಯಿಂದಲೇ ಹೆರಿಗೆ ಭತ್ಯೆ ಬರುವುದರಿಂದ ಹೆಂಗಸನ್ನು ನೇಮಿಸಿಕೊಂಡ ಒಬ್ಬನ ಮೇಲೇ ಹೊರೆ ಬೀಳುವುದಿಲ್ಲ. ಆದರೆ ತಿಂಗಳಿಗೆ 21,000 ರೂಪಾಯಿಯ ಸಂಬಳ ದಾಟಿದವರಿಗೆ ಆ ವ್ಯವಸ್ಥೆ ಸಿಗುವುದಿಲ್ಲ. ಬೆಂಗಳೂರಾಗಲಿ ಪುಣೆಯಾಗಲಿ, ಹೆರಿಗೆ ಭತ್ಯೆಯ ಮಟ್ಟಿಗಾದರೂ ಈ ಮಿತಿಯನ್ನು ತೆಗೆದುಹಾಕಿ, ಗಂಡಸರನ್ನಷ್ಟೇ ನೇಮಿಸಿಕೊಳ್ಳುವ ಮಾಲೀಕನೂ ಆ ನಿಧಿಗೆ ತನ್ನ ಪಾಲು ತುಂಬುವಂತೆ ಮಾಡಬೇಕು.