ಕರಿಯನಿಗೂ ಒಂದು ಕಲ್ಲು ಬೇಕಿತ್ತು

ನಾನು ಟೋಕಿಯೋಗೆ ಬಂದು ಹನ್ನೊಂದು ವರ್ಷ ಆಯ್ತು. ನಮ್ಮ ಕರಿಯ ಹೋಗಿ ಎಂಟು ವರ್ಷ. ಅವನು ಸತ್ತದ್ದು ನನಗೆ ಗೊತ್ತಾಗಿದ್ದು ಹತ್ತು ದಿನ ಕಳೆದ ಮೇಲೆ. ಅದೂ ಫೋನ್ ಇಡುವ ಹೊತ್ತಿಗೆ. "ಅಂದ ಹಾಗೆ, ಕರಿಯ ಹೋಗ್ಬಿಟ್ಟ ಕಣೋ" ಅಂದರು ಅಪ್ಪ. ನಾನು "ಹೌದಾ" ಅಂದೆ. ಅಷ್ಟಕ್ಕೇ ಮಾತು ನಿಂತಿತು. ಆಮೇಲೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೆಂಡತಿ ಬಂದು ಏನಾಯ್ತು ಅಂತ ಕೇಳಿದರೆ, ನಾಯಿ ಸತ್ತಿದ್ದಕ್ಕೆ ಅಳುತ್ತಿದ್ದೇನೆ ಅಂತ ಹೇಳೋಕೆ ನಾಚಿಕೆ. ತಲೆನೋವು ಅಂದುಬಿಟ್ಟೆ.

ಆ ನಾಚಿಕೆ ನನ್ನನ್ನು ಇವತ್ತಿಗೂ ಕಾಡುತ್ತದೆ.

ಕರಿಯ ಜಾತಿ ನಾಯಿ ಅಲ್ಲ. ನಾನು ಪಿಯುಸಿ ಓದುವಾಗ ಮಳೆಯಲ್ಲಿ ನೆನೆದು ಬಂದ ಬೀದಿ ಮರಿ. ಒಂದು ದಿನವೂ ಅವನಿಗೆ ಹಗ್ಗ ಕಟ್ಟಲಿಲ್ಲ. ಬೆಳಿಗ್ಗೆ ನನ್ನ ಜೊತೆ ಬಸ್ ಸ್ಟಾಪಿನವರೆಗೆ ಬರುತ್ತಿದ್ದ. ಬಸ್ಸು ಹೊರಟ ಮೇಲೆ ತಿರುಗಿ ಮನೆಗೆ. ಸಂಜೆ ಬಂದು ಇಳಿದರೆ ಅಲ್ಲೇ ಕೂತಿರುತ್ತಿದ್ದ. ರಾತ್ರಿ ಮಲಗುವುದು ಗೇಟಿಗೆ ಬೆನ್ನು ಒರಗಿಸಿ. ಬೆಳಗಿನ ಜಾವ ಯಾರೇ ಗೇಟು ತೆಗೆದರೂ ಮೆಲ್ಲಗೆ ತಳ್ಳಬೇಕಿತ್ತು. ಅವನು ಏಳುತ್ತಿರಲಿಲ್ಲ. ಗೇಟಿನ ಜೊತೆ ಜರುಗುತ್ತಿದ್ದ, ಅಷ್ಟೇ.

ಎರಡು ವರ್ಷದ ಹಿಂದೆ ಇಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಶಿಬಾ ನಾಯಿ ತೀರಿಕೊಂಡಿತು. ಜಪಾನಿನಲ್ಲಿ ಸಾಕಿದ ಪ್ರತಿ ನಾಯಿಯ ಹೆಸರೂ ಸ್ಥಳೀಯ ಕಚೇರಿಯಲ್ಲಿ ದಾಖಲಾಗಬೇಕು, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಆಗಬೇಕು. 1950ರಿಂದ ಇರುವ ಕಾನೂನು ಇದು. ನಾಯಿ ಸತ್ತರೆ 30 ದಿನದೊಳಗೆ ಅದನ್ನೂ ತಿಳಿಸಬೇಕು. ಅಜ್ಜಿಗೆ ಒಬ್ಬರೇ ಹೋಗೋ ಧೈರ್ಯ ಇರಲಿಲ್ಲ. ನಾನು ಜೊತೆಗೆ ಹೋದೆ. ಅರ್ಜಿಯಲ್ಲಿ ನಾಯಿಯ ಹೆಸರು ಬರೆಯುವಾಗ ಅವರ ಕೈ ನಡುಗುತ್ತಿತ್ತು. ಕೌಂಟರಿನಲ್ಲಿದ್ದ ಹುಡುಗ ಎದ್ದು ನಿಂತು ತಲೆ ಬಾಗಿಸಿದ. ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಹೇಳುವಂಥದ್ದೇ ಎರಡು ಮಾತು ಹೇಳಿದ. ಅವನಿಗದು ದಿನದ ಕೆಲಸ ಇರಬಹುದು. ಆದರೆ ಅಜ್ಜಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಯಾವ ಮುಜುಗರವೂ ಇಲ್ಲದೆ ಅತ್ತರು. ನಾನೂ ಪಕ್ಕದಲ್ಲಿ ಕೂತೆ. ಆರು ವರ್ಷ ಹಳೆಯ ನನ್ನ ಅಳುವೂ ಅಲ್ಲೇ ಹೊರಗೆ ಬಂತು.

ಇಲ್ಲಿನ ಶಿಬುಯಾ ಸ್ಟೇಷನ್ ಎದುರಿನ ಹಚಿಕೋ ಅನ್ನೋ ನಾಯಿಯ ವಿಗ್ರಹದ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಯಜಮಾನ ಪ್ರೊಫೆಸರ್ ಉಎನೋ 1925ರಲ್ಲಿ ಕೆಲಸದ ಜಾಗದಲ್ಲೇ ತೀರಿಕೊಂಡರು. ಹಚಿ 1935ರ ಮಾರ್ಚ್‌ನಲ್ಲಿ ಸಾಯುವವರೆಗೂ ಅದೇ ಸ್ಟೇಷನ್ನಿಗೆ ಬಂದು ಕಾದ. ಜನ ಆ ವಿಗ್ರಹದ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಹೆಚ್ಚು ಇಷ್ಟ ಟೋಕಿಯೋ ವಿಶ್ವವಿದ್ಯಾಲಯದ ಕೃಷಿ ವಿಭಾಗದಲ್ಲಿರುವ ಇನ್ನೊಂದು ವಿಗ್ರಹ. 2015ರಲ್ಲಿ, ಹಚಿ ಸತ್ತು ಸರಿಯಾಗಿ 80 ವರ್ಷಕ್ಕೆ ಅಲ್ಲಿಟ್ಟದ್ದು. ಅದರಲ್ಲಿ ಯಜಮಾನ ವಾಪಸ್ ಬಂದಿದ್ದಾರೆ. ಹಚಿ ಎರಡು ಕಾಲ ಮೇಲೆ ನಿಂತು ಅವರ ಮೈಮೇಲೆ ಹಾರುತ್ತಿದ್ದಾನೆ. ಅದರ ಎದುರು ನಿಂತಾಗಲೆಲ್ಲ ನನಗೆ ನಮ್ಮ ಬಸ್ ಸ್ಟಾಪೇ ಕಣ್ಣ ಮುಂದೆ ಬರುತ್ತದೆ.

"ಅದೆಲ್ಲ ಹೊರದೇಶದವರ ಶೋಕಿ, ನಮ್ಮಲ್ಲಿ ನಾಯಿಗೆ ಯಾರು ಇಷ್ಟೆಲ್ಲ ಮಾಡ್ತಾರೆ" ಅಂತ ಊರಿಗೆ ಹೋದಾಗ ನೆಂಟರೊಬ್ಬರು ಅಂದರು. ಆಗ ನನಗೆ ನೆನಪಾಗಿದ್ದು ಆತಕೂರಿನ ಕಲ್ಲು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು ಆತಕೂರು. ಕ್ರಿ.ಶ. 949-50ರ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ಗೆದ್ದ. ಅವನ ಕಡೆ ಹೋರಾಡಿದ ಗಂಗರ ಬೂತುಗನಿಗೆ ಬನವಾಸಿಯಂಥ ದೊಡ್ಡ ದೊಡ್ಡ ನಾಡುಗಳೇ ಉಡುಗೊರೆಯಾಗಿ ಸಿಕ್ಕವು. ಬೂತುಗ ತನ್ನ ವೀರ ಮಣಲೆರನನ್ನು ಕರೆದು, ನಿನಗೇನು ಬೇಕೋ ಕೇಳು ಅಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ನಾಯಿಯನ್ನು ಕೇಳಿದ. ನಾಡುಗಳನ್ನು ಹಂಚುತ್ತಿದ್ದ ಕಾಲದಲ್ಲಿ ಒಂದು ನಾಯಿ ಸಾಕು ಅಂದ ಆ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಅಂತ ಹೇಳಲಾರೆ.

ಮುಂದೆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಸೆಣಸಿತು. ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ಅಂತ ಬರೆಸಿದ. ಕಲ್ಲಿನ ಮೇಲೆ ಕಾಳಿ ಹಂದಿಯ ಮೇಲೆ ಬಿದ್ದು ಕಾದುತ್ತಿರುವುದನ್ನು ಕೆತ್ತಿದ್ದಾರೆ. ಹಚಿಗೆ ವಿಗ್ರಹ ನಿಲ್ಲಿಸುವುದಕ್ಕಿಂತ ಸುಮಾರು ಸಾವಿರ ವರ್ಷ ಮೊದಲು ಇದನ್ನು ಮಾಡಿದ್ದು ಕನ್ನಡದವರು, ಕನ್ನಡದಲ್ಲೇ ಬರೆಸಿ. ನಾಯಿಗಾಗಿ ಅಳುವುದನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಎಲ್ಲೋ ನಡುವೆ ಮರೆತುಬಿಟ್ಟಿದ್ದೇವೆ.

ಇಲ್ಲಿನದೆಲ್ಲ ಚೆನ್ನ ಅಂತ ನಾನು ಹೇಳುತ್ತಿಲ್ಲ. ಸಾಕುಪ್ರಾಣಿಗಳ ಅಂತ್ಯಕ್ರಿಯೆ ಇಲ್ಲಿ ದೊಡ್ಡ ವ್ಯಾಪಾರ. ಎಷ್ಟೋ ನಾಯಿಗಳ ಬೂದಿ ಕಟ್ಟಡದೊಳಗಿನ ಸಣ್ಣ ಗೂಡಿನಲ್ಲಿರುತ್ತದೆ, ಅದಕ್ಕೆ ಬಾಡಿಗೆ ಕಟ್ಟುತ್ತಾ ಇರಬೇಕು. ಹಗ್ಗ ಇಲ್ಲದೆ ತನ್ನಷ್ಟಕ್ಕೆ ಬಸ್ ಸ್ಟಾಪಿಗೆ ಬರುವ ನಾಯಿಯನ್ನು ನಾನು ಟೋಕಿಯೋದಲ್ಲಿ ಒಮ್ಮೆಯೂ ನೋಡಿಲ್ಲ. ಅದು ನಮ್ಮ ಕಡೆಯ ಭಾಗ್ಯ. ಕರಿಯ ನನ್ನ ಜೊತೆ ಬಂದದ್ದು ಅವನಿಗೆ ಬರಬೇಕು ಅನಿಸಿದ್ದರಿಂದ. ಆದರೆ ಹಾಗೆ ಬದುಕಿದ ನಾಯಿ ಸತ್ತಾಗ ನಾವು ಏನಂತೀವಿ? "ಹೋಗ್ಲಿ ಬಿಡು, ಇನ್ನೊಂದು ಮರಿ ತಂದ್ಕೊಂಡ್ರಾಯ್ತು." ಈ ಮಾತು ದಯವಿಟ್ಟು ಬೇಡ. ಸುಮ್ನೆ ನಾಯಿಯ ಹೆಸರು ಕೇಳಿ. ಎಲ್ಲಿ ಮಲಗ್ತಿತ್ತು, ಯಾರ ಹಿಂದೆ ಹೋಗ್ತಿತ್ತು ಅಂತ ಕೇಳಿ. ಅವರೇ ಹೇಳುತ್ತಾರೆ. ಹೇಳೋಕೆ ಕಾಯುತ್ತಿರುತ್ತಾರೆ.

ನಾನೂ ಕೇಳಿರಲಿಲ್ಲ, ಅಲ್ವಾ. ಕರಿಯನ ಕೊನೆಯ ದಿನಗಳಲ್ಲಿ ಜೊತೆಗಿದ್ದವರು ಅಪ್ಪ. ಕೊನೆಗೂ ಹೋದ ತಿಂಗಳು ಫೋನಿನಲ್ಲಿ ಕೇಳಿದೆ, ಅವನನ್ನು ಎಲ್ಲಿ ಹೂತಿದ್ದು ಅಂತ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿತ್ತಲಲ್ಲಿ, ಅವರೊಬ್ಬರೇ ಗುಂಡಿ ತೋಡಿದರಂತೆ. ಮೇಲೆ ತೆಂಗಿನ ಸಸಿ ಇಟ್ಟಿದ್ದರಂತೆ, ಈಗ ಫಲ ಬಿಡುತ್ತಿದೆಯಂತೆ. ಆಮೇಲೆ ನಾನು ಕೇಳದೆಯೇ ಹೇಳಿದರು, "ಹಾಲಿಗೆ ಹೋಗುವಾಗ ಈಗಲೂ ಗೇಟು ಮೆಲ್ಲಗೇ ತಳ್ತೀನಿ ಕಣೋ."