ಸಿಂಗಲ್ ಗಿರಾಕಿಗೆ ಆ್ಯಪ್‌ನಲ್ಲಿ ಜಾಗ ಇಲ್ಲ

ಸಿಗರೇಟ್ ಬಿಡಿಸೋದಕ್ಕೆ ಒಂದು ಆ್ಯಪ್ ತಯಾರಾಗಿದೆ. ಇದು ಬೈಯೋದಿಲ್ಲ, ಹೆದರಿಸೋದಿಲ್ಲ, ಕ್ಯಾನ್ಸರ್ ಆದ ಬಾಯಿಯ ಫೋಟೋ ತೋರಿಸೋದಿಲ್ಲ. ಬೆನ್ನು ತಟ್ಟುತ್ತದೆ, ನೀವು ಮತ್ತೆ ಸೇದಿದರೂ 'ಪರವಾಗಿಲ್ಲ, ನಾಳೆ ಮತ್ತೆ ಪ್ರಯತ್ನ ಮಾಡೋಣ' ಅನ್ನುತ್ತದೆ. ಅಷ್ಟು ತಾಳ್ಮೆ ಕಟ್ಟಿಕೊಂಡವರಿಗೂ ಇರೋದಿಲ್ಲ ಬಿಡಿ. ಮೊದಲ ಪರೀಕ್ಷೆ ನಮ್ಮ ಕಲಬುರಗಿಯಲ್ಲೇ ಅಂತೆ.

ಕಲಬುರಗಿಯೇ ಯಾಕೆ ಅಂದರೆ ಲೆಕ್ಕ ಸುಲಭ. ಚಟ ಬಿಡಿಸೋದಕ್ಕೆ ಒಬ್ಬ ಮನುಷ್ಯನನ್ನು ಇಲ್ಲಿಗೆ ನೇಮಿಸಿದರೆ ಸಂಬಳ ಕೊಡಬೇಕು. ಕೊಟ್ಟರೂ, ಆರ್ಡರ್ ಕೈಗೆ ಸಿಕ್ಕ ದಿನವೇ ಆತ ಬೆಂಗಳೂರಿಗೆ ವರ್ಗಾವಣೆ ಕೇಳಿ ಅರ್ಜಿ ಬರೆಯುತ್ತಾನೆ. ಆ್ಯಪ್‌ಗೆ ಆ ತಾಪತ್ರಯ ಇಲ್ಲ. ಅದು ಬೆಂಗಳೂರಲ್ಲೇ ಕೂತು ಕಲಬುರಗಿಯಲ್ಲಿ ಕೆಲಸ ಮಾಡುತ್ತದೆ, ನಮ್ಮ ಎಷ್ಟೋ ಸಾಹೇಬರ ಹಾಗೆ.

ಆ್ಯಪ್ ತೆರೆದರೆ ಮೊದಲ ಪ್ರಶ್ನೆ: ದಿನಕ್ಕೆ ಎಷ್ಟು ಪ್ಯಾಕ್? ಸೊನ್ನೆ, ಒಂದು, ಎರಡು, ಮೂರು, ಮೂರಕ್ಕಿಂತ ಜಾಸ್ತಿ. ಅಷ್ಟೇ.

ಈ ಪ್ರಶ್ನೆಯನ್ನು ಬಸ್ ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಪಾನ್ ಅಂಗಡಿಯ ಮುಂದೆ ನಿಂತು ಕೇಳಿ ನೋಡಿ. ಅಂಗಡಿ ಅಂದರೆ ನಾಲ್ಕು ತಗಡಿನ ಡಬ್ಬಿ. ಒಳಗೆ ಕಾಲು ಮಡಚಿ ಕೂತ ಕಾಕಾ, ಮುಂದೆ ಒದ್ದೆ ಬಟ್ಟೆಯಲ್ಲಿ ಎಲೆ, ಪಕ್ಕದಲ್ಲಿ ಬಾಯಿ ತೆರೆದ ಪ್ಯಾಕು. ಲೈಟರ್‌ಗೆ ಸುತಳಿ ಕಟ್ಟಿ ಮೊಳೆಗೆ ನೇತು ಹಾಕಿದ್ದಾರೆ, ಯಾರೂ ಜೇಬಿಗೆ ಇಳಿಸಬಾರದು ಅಂತ. ಗಿರಾಕಿ ಬಾಯಿ ಬಿಡೋದಿಲ್ಲ, ಒಂದು ಬೆರಳು ಎತ್ತುತ್ತಾನೆ. ಕಾಕಾ ಒಂದು ಸಿಗರೇಟ್ ತೆಗೆದು ಕೊಡುತ್ತಾನೆ. ಸೌಂಡ್ ಬಾಕ್ಸ್ ಇಡೀ ರಸ್ತೆಗೆ ಕೇಳುವಂತೆ ದುಡ್ಡು ಬಂತು ಅಂತ ಕೂಗುತ್ತದೆ. ಮುಗೀತು ವ್ಯವಹಾರ. ಪ್ಯಾಕ್ ಬಗ್ಗೆ ಕೇಳಿದರೆ ಕಾಕಾ ಹೇಳೋದು ಇಷ್ಟೇ:

"ಪಾಕೀಟಾ? ಪಾಕೀಟ್ ಲಗ್ನದ ಮನಿಯವ್ರು ಒಯ್ತಾರ್ರಿ. ಉಳಿದೋರೆಲ್ಲಾ ಸಿಂಗಲ್ಲೇ."

ಆದರೆ ಸಿಂಗಲ್ ಅನ್ನೋ ಆಪ್ಷನ್ ಆ್ಯಪ್‌ನಲ್ಲಿ ಇಲ್ಲ. ಮರೆತಿದ್ದಲ್ಲ, ಬೇಕಂತಲೇ ಬಿಟ್ಟಿದ್ದು. ಯಾಕಂದರೆ ಕರ್ನಾಟಕ ಸರ್ಕಾರ 2017ರಲ್ಲೇ ಸಿಗರೇಟನ್ನು ಬಿಡಿ ಬಿಡಿಯಾಗಿ ಮಾರೋದನ್ನು ನಿಷೇಧಿಸಿದೆ. ಅಂದಮೇಲೆ ಕಾಗದದ ಪ್ರಕಾರ ಸಿಂಗಲ್ ಸೇದುವ ಮನುಷ್ಯ ಈ ರಾಜ್ಯದಲ್ಲೇ ಇಲ್ಲ. ಇಲ್ಲದವನ ಚಟ ಬಿಡಿಸೋದು ಹೇಗೆ? ದಿನಕ್ಕೆ ಎಂಟು ಸಿಂಗಲ್ ಎಳೆಯುವ ನಮ್ಮ ಓಣಿಯ ಗೆಳೆಯ ಪ್ರಾಮಾಣಿಕವಾಗಿ 'ಪ್ಯಾಕ್: ಸೊನ್ನೆ' ಅಂತ ಒತ್ತಿದ. ಪರದೆ ತುಂಬಾ ಬಣ್ಣದ ಕಾಗದ ಉದುರಿದವು. ಅಭಿನಂದನೆಗಳು, ನೀವು ಈಗಾಗಲೇ ಹೊಗೆಮುಕ್ತರು! ಆ ಖುಷಿಗೆ ಅವನು ಇನ್ನೊಂದು ಹಚ್ಚಿದ.

ಇದಕ್ಕಿಂತ ದೊಡ್ಡ ತಮಾಷೆ ಪ್ಯಾಕಿನ ಮೇಲೇ ಇದೆ. 2016ರಿಂದ ಪ್ಯಾಕಿನ 85 ಶೇಕಡಾ ಜಾಗದಲ್ಲಿ ಎಚ್ಚರಿಕೆ ಇರಲೇಬೇಕು. 2018ರಿಂದ ಅದರ ಜೊತೆಗೆ 'ಇವತ್ತೇ ಬಿಡಿ, ಕರೆ ಮಾಡಿ' ಅಂತ 1800-11-2356 ನಂಬರನ್ನೂ ಹಾಕುತ್ತಿದ್ದಾರೆ. ಉಚಿತ ಕರೆ, ಆ ಕಡೆ ಮಾತಾಡೋದು ಮನುಷ್ಯರೇ. ಒಳ್ಳೆಯ ಕೆಲಸ, ನಿಜವಾಗಿ ಒಳ್ಳೆಯ ಕೆಲಸ. ಆದರೆ ಸಿಂಗಲ್ ಗಿರಾಕಿಯ ಕೈಗೆ ಪ್ಯಾಕ್ ಬರೋದೇ ಇಲ್ಲವಲ್ಲ! ಅವನಿಗೆ ಸಿಗೋದು ಬಿಳಿ ಕಡ್ಡಿ, ಅದರ ಮೇಲೆ ಕಂಪನಿಯ ಹೆಸರು ಬಿಟ್ಟರೆ ಏನೂ ಇಲ್ಲ. ಫೋಟೋ, ಎಚ್ಚರಿಕೆ, ಸಹಾಯವಾಣಿ ಎಲ್ಲ ಕಾಕಾನ ಮೊಣಕಾಲಿನ ಪಕ್ಕ. ಬೆಳಗಿನಿಂದ ರಾತ್ರಿಯವರೆಗೆ ಆ ಭಯಂಕರ ಚಿತ್ರ ನೋಡುವವನು ಇಡೀ ರಸ್ತೆಯಲ್ಲಿ ಅವನೊಬ್ಬನೇ. ಅವನು ಸಿಗರೇಟ್ ಸೇದೋದಿಲ್ಲ.

ಮುಂದೆ ಹೋಗೋಣ. ವಯಸ್ಸು ಎಷ್ಟು ಅಂತ ಕೇಳುವಲ್ಲಿ ಪಟ್ಟಿ 21ರಿಂದ ಶುರು. ಕರ್ನಾಟಕದ ತಂಬಾಕು ಕಾನೂನಿಗೆ 2025ರಲ್ಲಿ ಬಂದ ತಿದ್ದುಪಡಿಯಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದರು, ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ಇದ್ದ ದಂಡ 1000 ಆಯಿತು. ಇಬ್ಬರು ಸೇರಿ ಒಂದೇ ಸಿಗರೇಟ್ ಎಳೆಯುವ ಹತ್ತೊಂಬತ್ತರ ಕಾಲೇಜು ಹುಡುಗ ಆ್ಯಪ್ ಹಾಕಿಕೊಳ್ಳಲು ಹೋದರೆ 'ಕ್ಷಮಿಸಿ, ನೀವು ಅರ್ಹರಲ್ಲ' ಅಂತ ಬರುತ್ತದೆ. ನಿನಗೆ ಮಾರುವಂತಿಲ್ಲ ತಮ್ಮಾ, ಹಾಗಾಗಿ ಬಿಡಿಸುವಂತೆಯೂ ಇಲ್ಲ. ಎರಡು ವರ್ಷ ಸೇದಿಕೊಂಡಿರು, ಅರ್ಹತೆ ಬಂದ ಮೇಲೆ ಬಾ.

ಲೊಕೇಶನ್ ಫೀಚರ್ ಬಗ್ಗೆ ಹೇಳಲೇಬೇಕು. ಪಾನ್ ಅಂಗಡಿಯ ಹತ್ತಿರ ಹೋದರೆ ಸಾಕು, ಫೋನ್ ನಡುಗಿ ಎಚ್ಚರಿಸುತ್ತದೆಯಂತೆ. ಇದನ್ನು ಯೋಚಿಸಿದವರು ಸೂಪರ್ ಮಾರ್ಕೆಟ್‌ನಿಂದ ಜಗತ್ ಸರ್ಕಲ್‌ವರೆಗೆ ಒಂದು ಸಲವೂ ನಡೆದಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಆ ದಾರಿಯಲ್ಲಿ ಫೋನ್ ನಡುಗಲು ಶುರು ಮಾಡಿದರೆ ನಿಲ್ಲೋದೇ ಇಲ್ಲ. ಅಷ್ಟರಲ್ಲಿ ಮನೆಯವರ ಕಾಲ್ ಬಂದರೂ ಗೊತ್ತಾಗೋದಿಲ್ಲ, ಅದಕ್ಕೊಂದು ಬೇರೆ ಜಗಳ.

ಆಸೆ ತಡೆಯಲಾಗದಿದ್ದರೆ ಒಂದು ಕೆಂಪು ಗುಂಡಿ ಇದೆ. ಒತ್ತಿದರೆ 'ಹೊರಗೆ ಹೋಗಿ ಹದಿನೈದು ನಿಮಿಷ ನಡೆಯಿರಿ, ತಾಜಾ ಗಾಳಿ ಸೇವಿಸಿ' ಅನ್ನುತ್ತದೆ. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, 43 ಡಿಗ್ರಿ. ನಾಯಿ ಕೂಡ ಟೆಂಪೋ ಕೆಳಗಿನಿಂದ ತಲೆ ಹೊರಗೆ ಹಾಕೋದಿಲ್ಲ. ಇಡೀ ರಸ್ತೆಯಲ್ಲಿ ನೆರಳು ಇರೋದು ಒಂದೇ ಕಡೆ, ಪಾನ್ ಅಂಗಡಿಯ ತಗಡಿನ ಕೆಳಗೆ.

ಹಾಗಂತ ಆ್ಯಪ್‌ನಿಂದ ಏನೂ ಉಪಯೋಗ ಇಲ್ಲ ಅನ್ನೋದು ಅನ್ಯಾಯ. ನಿಕೋಟಿನ್ ಮಿದುಳು ಮುಟ್ಟೋದಕ್ಕೆ ಸುಮಾರು ಹತ್ತು ಸೆಕೆಂಡು ಸಾಕು, ಅದಕ್ಕೇ ಈ ಚಟ ಇಷ್ಟು ಗಟ್ಟಿ. ಆದರೆ ಸೇದಲೇಬೇಕು ಅನ್ನುವ ಒಂದೊಂದು ಆಸೆಯ ಅಲೆ, ಬೆಂಕಿ ಹಚ್ಚದೆ ಸುಮ್ನೆ ಇದ್ದರೆ, ಕೆಲವೇ ನಿಮಿಷದಲ್ಲಿ ಇಳಿದುಹೋಗುತ್ತದೆ, ಡಾಕ್ಟರುಗಳು ಹೇಳೋದೂ ಇದನ್ನೇ, ಸ್ವಲ್ಪ ತಡೆ, ನೀರು ಕುಡಿ, ಕೈಗೆ ಬೇರೆ ಕೆಲಸ ಕೊಡು. ನಮ್ಮ ಆ್ಯಪ್ ಇಲ್ಲಿ ಗೆದ್ದಿದೆ. ಕೆಂಪು ಗುಂಡಿ ಒತ್ತಿದರೆ ಲಾಗಿನ್ ಕೇಳುತ್ತದೆ. ಪಾಸ್‌ವರ್ಡ್ ತಪ್ಪು. ಓಟಿಪಿ ಬರಬೇಕು, ಬರೋದಿಲ್ಲ, ಮತ್ತೆ ಕಳಿಸು, ಬಂತು, ಸಮಯ ಮೀರಿತು. ನಂತರ ಒಂಬತ್ತು ಚಿತ್ರದಲ್ಲಿ ಟ್ರಾಫಿಕ್ ಸಿಗ್ನಲ್ ಯಾವುದು ಗುರುತಿಸಿ ಅನ್ನುತ್ತದೆ. ಅಷ್ಟೆಲ್ಲ ಮುಗಿಯುವ ಹೊತ್ತಿಗೆ ಆಸೆ ತಾನಾಗಿ ಹೋಗಿರುತ್ತದೆ. ಆ್ಯಪ್ ಕೆಟ್ಟು ನಿಂತಾಗಲೇ ಜನಕ್ಕೆ ಹೆಚ್ಚು ಒಳ್ಳೆಯದಾಗುತ್ತಿದೆ. ದಯವಿಟ್ಟು ಯಾರೂ ಅಪ್‌ಡೇಟ್ ಮಾಡಬೇಡಿ.

ಗುಟ್ಕಾ? ಅದರ ಬಗ್ಗೆ ಆ್ಯಪ್ ಚಕಾರ ಎತ್ತೋದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ಸೇದುವವರು 10.7 ಶೇಕಡಾ, ಹೊಗೆ ಇಲ್ಲದ ತಂಬಾಕು ಬಳಸುವವರು 21.4, ಸರಿಯಾಗಿ ಎರಡು ಪಟ್ಟು. ಗುಟ್ಕಾ 2013ರಿಂದ ನಮ್ಮಲ್ಲಿ ನಿಷೇಧ, ಆದ್ದರಿಂದ ಅದೂ ಇಲ್ಲ. ಈಗ ಇರೋದು ಎರಡು ಬೇರೆ ಬೇರೆ ಚೀಟು, ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು, ಎರಡನ್ನೂ ಅಂಗೈಯಲ್ಲಿ ಸೇರಿಸುವ ಕೆಲಸ ಗಿರಾಕಿಯದು. ನಮ್ಮ ಗೆಳೆಯ ಈಗ ಸಿಗರೇಟ್ ಬಿಟ್ಟು ಅದನ್ನು ಹಿಡಿದಿದ್ದಾನೆ. ಆ್ಯಪ್ ಚಿನ್ನದ ಪದಕ ಕೊಟ್ಟಿದೆ. ಸ್ಟೇಟಸ್‌ಗೆ ಹಾಕಿದ್ದಾನೆ, ಥ್ಯಾಂಕ್ಸ್ ಹೇಳಬೇಕೆಂದರೆ ಮೊದಲು ಉಗಿದು ಬರಬೇಕು, ಅದೊಂದೇ ತೊಂದರೆ.

ಬೀಡಿಯ ಮುತ್ಯಾಗಳಂತೂ ಲೆಕ್ಕದಲ್ಲೇ ಇಲ್ಲ. ಆಳಂದ ಕಡೆಯ ಬಸ್ಸಿಗೆ ಕಾಯುತ್ತಾ ಕೂತ ಮುತ್ಯಾನ ಹತ್ತಿರ ಇರೋದು ಬಟನ್ ಫೋನ್. ಕೇಂದ್ರ ಸರ್ಕಾರ 2016ರಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟರೆ ಎಸ್ಸೆಮ್ಮೆಸ್‌ನಲ್ಲಿ ಧೈರ್ಯ ಹೇಳುವ ವ್ಯವಸ್ಥೆ ಮಾಡಿತ್ತು. ಮಿಸ್ಡ್ ಕಾಲ್ ಕೊಡೋದನ್ನು ಮುತ್ಯಾಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅದರಲ್ಲಿ ಪದಕ ಇಲ್ಲ, ಬಣ್ಣದ ಕಾಗದ ಉದುರೋದಿಲ್ಲ, ಉದ್ಘಾಟನೆಗೆ ಯಾವ ಸಾಹೇಬರನ್ನೂ ಕರೆಯೋದಕ್ಕೆ ಆಗೋದಿಲ್ಲ.

ನನಗೆ ಇಷ್ಟವಾದದ್ದು ಉಳಿತಾಯದ ಪುಟ. ಸೇದದೆ ಉಳಿಸಿದ ದುಡ್ಡು ಎಷ್ಟು ಅಂತ ಲೆಕ್ಕ ತೋರಿಸಿ, ಕೆಳಗೆ 'ಈ ಹಣದಲ್ಲಿ ಜೀವವಿಮೆ ಮಾಡಿಸಿ' ಅಂತ ಸಲಹೆ. ಮಾಡಿಸೋಣ. ದೇಶದ ಅತಿ ದೊಡ್ಡ ಸಿಗರೇಟ್ ಕಂಪನಿ ಐಟಿಸಿಯಲ್ಲಿ ಎಲ್‌ಐಸಿಯ ಷೇರು ಪಾಲು ಸಣ್ಣದೇನಲ್ಲ. ಪಾನ್ ಅಂಗಡಿಯಲ್ಲಿ ಕೊಡದೆ ಉಳಿಸಿದ ದುಡ್ಡು ಸುತ್ತು ಹಾಕಿ ಅದೇ ಮನೆಯ ಹಿಂಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಆ್ಯಪ್‌ನ ಕಡೆಯ ಹುಡುಗನೊಬ್ಬ ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡು ಅಭಿಪ್ರಾಯ ಸಂಗ್ರಹಕ್ಕೆ ಬಂದಿದ್ದ. ಯಾರೂ ಡೌನ್‌ಲೋಡ್ ಮಾಡ್ಕೋತಾ ಇಲ್ಲ ಕಾಕಾ, ಏನು ಮಾಡೋಣ ಅಂತ ಅಂಗಡಿಯ ಮುಂದೆ ನಿಂತು ಕೇಳಿದ. ಕಾಕಾ ಎಲೆಗೆ ಸುಣ್ಣ ಹಚ್ಚುತ್ತಲೇ ಉತ್ತರ ಕೊಟ್ಟ.

"ಎಲ್ಲಾರೂ ರೊಕ್ಕ ಹಾಕೋ ಮುಂದ ನನ್ನ ಕ್ಯೂಆರ್ ನೋಡೇ ನೋಡ್ತಾರ. ಅದರ ಬಾಜೂಕ ನಿಮ್ಮ ಸಹಾಯದ ನಂಬರ್ ದೊಡ್ಡದಾಗಿ ಅಂಟಸ್ರಿ. ಸಿಂಗಲ್ ಒಯ್ಯೋನೂ ಓದ್ತಾನ. ತಿಂಗಳಿಗಿಷ್ಟು ಅಂತ ಜಾಗದ ಬಾಡಿಗಿ ಕೊಡ್ರಿ, ನಂದೇನ್ ತಕರಾರಿಲ್ಲ."

ಹುಡುಗ ಅಲ್ಲೇ ಬೆಂಗಳೂರಿಗೆ ಫೋನ್ ಹಚ್ಚಿದ. ಸ್ಟಿಕ್ಕರ್‌ಗೂ ಬಾಡಿಗೆಗೂ ಬಜೆಟ್‌ನಲ್ಲಿ ಹೆಡ್ ಇಲ್ಲವಂತೆ, ನೋಟಿಫಿಕೇಶನ್‌ಗೆ ಮಾತ್ರ ಇದೆಯಂತೆ.