ಮಳೆಯ ಗ್ರಿಡ್ ಫೈಲು ಬರೆಯುವವರಿಗೆ

ಮಳೆ, ಉಷ್ಣಾಂಶದ ಗ್ರಿಡ್ ಡೇಟಾವನ್ನು (ನಕ್ಷೆಯನ್ನು ಚೌಕಗಳಾಗಿ ಹಂಚಿ ಒಂದೊಂದಕ್ಕೆ ಒಂದು ಸಂಖ್ಯೆ) ಎಚ್‌ಡಿಎಫ್5 ಅನ್ನುವ, ದೊಡ್ಡ ಸಂಖ್ಯಾರಾಶಿ ಇಡುವ ಫೈಲಿಗೆ ಬರೆದು ಹಂಚುವವರು ಈಗ ಜಾಸ್ತಿಯಾಗಿದ್ದಾರೆ. ಸಂತೋಷ. ಆದರೆ ಎಷ್ಟೋ ಜನ ಪೈಥಾನ್‌ನಲ್ಲಿರುವ ಅರೇಯನ್ನು, ಅಂದರೆ ಸಂಖ್ಯೆಗಳ ಕೋಷ್ಟಕವನ್ನು, ಸುಮ್ನೆ ಒಂದು ಡೇಟಾಸೆಟ್‌ಗೆ ತುಂಬಿ ಕಳಿಸಿಬಿಡುತ್ತಾರೆ. ನನ್ನ ತಕರಾರು ಇದೇ. ಅಂಥ ಫೈಲಿನಲ್ಲಿ ಸಂಖ್ಯೆ ಇರುತ್ತದೆ, ಊರು ಇರುವುದಿಲ್ಲ.

ಎಚ್‌ಡಿಎಫ್5ಗೆ ಅಕ್ಷಾಂಶ, ರೇಖಾಂಶ ಏನೂ ಗೊತ್ತಿಲ್ಲ. ಫೋಲ್ಡರಿನಂಥ ಗ್ರೂಪು, ಅದರೊಳಗೆ ಸಂಖ್ಯೆಗಳ ಡೇಟಾಸೆಟ್ಟು, ಅದಕ್ಕೆ ಅಂಟಿಸಿದ ವಿವರದ ಚೀಟಿಯಂಥ ಆಟ್ರಿಬ್ಯೂಟು, ಅಷ್ಟೇ. ಉಳಿದದ್ದನ್ನು ಬರೆಯುವವರೇ ಹೇಳಬೇಕು.

ಭಾರತೀಯ ಹವಾಮಾನ ಇಲಾಖೆಯ ದಿನದ ಮಳೆ ಗ್ರಿಡ್ ತಗೊಳ್ಳಿ. 1901ರಿಂದ ಇದೆ. ಒಂದು ಚೌಕ 0.25 ಡಿಗ್ರಿ. ಪೂರ್ವ–ಪಶ್ಚಿಮಕ್ಕೆ 135 ಚೌಕ, ದಕ್ಷಿಣೋತ್ತರಕ್ಕೆ 129. ಮೊದಲ ಸಾಲು 6.5 ಡಿಗ್ರಿಯಲ್ಲಿ, ಅಂದರೆ ದಕ್ಷಿಣದ ತುದಿಯಲ್ಲಿ. ಜಿಯೋಟಿಫ್ ಅನ್ನುವ ನಕ್ಷೆ-ಚಿತ್ರದ ಫೈಲಿನಲ್ಲಿ ಸಾಮಾನ್ಯವಾಗಿ ಉತ್ತರದ ಸಾಲೇ ಮೊದಲು. ಇದನ್ನು ನೋಡಿಕೊಳ್ಳದಿದ್ದರೆ ನಕ್ಷೆ ತಲೆಕೆಳಗಾಗುತ್ತದೆ. ಅದು ಹೋಗಲಿ, ಕಣ್ಣಿಗೆ ಬೀಳುತ್ತದೆ, ತಿದ್ದಬಹುದು.

ಅರ್ಧ ಚೌಕದ ತಪ್ಪು ಕಣ್ಣಿಗೇ ಬೀಳುವುದಿಲ್ಲ. 6.5 ಅನ್ನುವುದು ಚೌಕದ ನಡುವಿನ ಬಿಂದು. ಅದನ್ನು ಮೂಲೆ ಅಂದುಕೊಂಡರೆ ಇಡೀ ನಕ್ಷೆ ಸುಮಾರು 14 ಕಿ.ಮೀ. ಜರುಗುತ್ತದೆ. ಬಯಲುಸೀಮೆಯಲ್ಲಿ ಹೇಗೋ ನಡೆದೀತು. ಘಟ್ಟದಲ್ಲಿ ನಡೆಯುತ್ತಾ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಸುರಿಯುವ ಮಳೆ, ಶಿವಮೊಗ್ಗ ಊರಿಗೆ ಬರುವಷ್ಟರಲ್ಲಿ ಸಾವಿರದ ಹತ್ತಿರಕ್ಕೆ ಇಳಿದಿರುತ್ತದೆ. ಅಲ್ಲಿ 14 ಕಿ.ಮೀ. ಅಂದರೆ ಬೇರೆಯೇ ಮಳೆ.

ಇನ್ನು -999. ಲೆಕ್ಕ ಇಲ್ಲದ ಚೌಕಕ್ಕೆ, ಸಮುದ್ರವೂ ಸೇರಿ, ಈ ಸಂಖ್ಯೆ ಹಾಕಿರುತ್ತಾರೆ. ಇದು ಮಳೆಯಲ್ಲ, ಖಾಲಿ ಜಾಗದ ಗುರುತು ಅಂತ ಫಿಲ್ ವ್ಯಾಲ್ಯೂ ಅನ್ನುವ ಆಟ್ರಿಬ್ಯೂಟಿನಲ್ಲಿ ಹೇಳಬೇಕು. ಹೇಳದೆ ಬಿಟ್ಟ ಫೈಲನ್ನು ಯಾರೋ ಪಕ್ಕಪಕ್ಕದ ಚೌಕಗಳ ಸರಾಸರಿ ತೆಗೆದು ದೊಡ್ಡ ಚೌಕಕ್ಕೆ ಬದಲಾಯಿಸುತ್ತಾರೆ ಅಂದುಕೊಳ್ಳಿ. ಉಡುಪಿಯ ಕಡೆ ನಾಲ್ಕು ಚೌಕ: 20, 15, 25, ಸಮುದ್ರದ್ದು -999. ಸರಾಸರಿ -234.75. ಇಷ್ಟು ದೊಡ್ಡದಾದರೆ ಗೊತ್ತಾಗುತ್ತದೆ. ನೂರಾರು ಚೌಕದ ಸರಾಸರಿಯಲ್ಲಿ ಒಂದೇ ಒಂದು -999 ಸೇರಿದರೆ, ಮಳೆ ಸ್ವಲ್ಪ ಕಡಿಮೆ ಆಯಿತು ಅನಿಸುತ್ತದೆ, ಅಷ್ಟೇ. ಆ ಅಂಕಿ ವರದಿಗೂ ಹೋಗುತ್ತದೆ.

ಚಂಕ್, ಅಂದರೆ ಡೇಟಾವನ್ನು ತುಂಡು ತುಂಡಾಗಿ ಇಡುವ ವಿಷಯವನ್ನೂ ಯೋಚಿಸಿ. ಒಂದು ದಿನಕ್ಕೆ ಒಂದು ಚಂಕ್ ಮಾಡಿ ಕಂಪ್ರೆಸ್ ಮಾಡಿದರೆ ದಿನದ ನಕ್ಷೆ ಥಟ್ಟನೆ ತೆರೆಯುತ್ತದೆ. ಆದರೆ ಒಂದೇ ಊರಿನ ವರ್ಷದ ಮಳೆ ಬೇಕೆಂದರೆ 365 ಚಂಕ್‌ಗಳನ್ನೂ ಬಿಚ್ಚಬೇಕು. ದಿನಕ್ಕೆ ಒಂದು ಸಂಖ್ಯೆಯ 4 ಬೈಟ್‌ಗಾಗಿ ಇಡೀ ನಕ್ಷೆಯ ಸುಮಾರು 70 ಸಾವಿರ ಬೈಟ್ ಬಿಚ್ಚಬೇಕು. ಓದುವವರಿಗೆ ಯಾವುದು ಬೇಕು ಅಂತ ಮೊದಲೇ ಕೇಳಿಕೊಳ್ಳಿ.

ನನ್ನ ಸಲಹೆ ಕೇಳುವುದಾದರೆ ಹವಾಮಾನದವರು ಬಳಸುವ ನೆಟ್‌ಸಿಡಿಎಫ್-4 ಫೈಲಿನಲ್ಲೇ ಬರೆಯಿರಿ. ಅದರ ಒಳಗಿರುವುದೂ ಎಚ್‌ಡಿಎಫ್5 ಫೈಲೇ. ಮೇಲೆ ಸಿಎಫ್ ನಿಯಮ (ಹವಾಮಾನ ಫೈಲಿನಲ್ಲಿ ವಿವರ ಬರೆಯಲು ಎಲ್ಲರೂ ಒಪ್ಪಿದ ಪದ್ಧತಿ) ಪಾಲಿಸಿದರೆ ಯೂನಿಟ್ಟು, ಕಾಲ, ಪ್ರೊಜೆಕ್ಷನ್ನು, ಚೌಕದ ಅಂಚು ಎಲ್ಲಕ್ಕೂ ಒಂದೊಂದು ಗೊತ್ತಾದ ಜಾಗ ಸಿಗುತ್ತದೆ. ಬರೆದ ಮೇಲೆ ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ತೆರೆದು ಜಿಲ್ಲೆಗಳ ಗಡಿ ಮೇಲೆ ಕೂರಿಸಿ ನೋಡಿ. ಆಮೇಲೆ ಏನೂ ವಿವರಿಸದೆ ಪಕ್ಕದವರ ಕೈಗೆ ಕೊಡಿ. ಅವರು ಏನೇನು ಕೇಳುತ್ತಾರೋ ಅದೆಲ್ಲ ಫೈಲಿಗೆ ಇನ್ನೂ ಸೇರಬೇಕಾದದ್ದು.